ಊರಿಗೊಬ್ಬ ಹದ್ದಾದ್

ನವೆಂಬರ್ ೧೭, ಭಾನುವಾರ

ನನ್ನ ಮುದ್ದಿನ ಸೊಸೆಗೆ,

(ಇನ್ನೂ ಹಾಗೆ ಕರೆಯಬಹುದೋ ಇಲ್ಲವೋ ತಿಳಿಯದು. ಬೇಡವೆಂದರೆ ಹೇಳು, ತಿದ್ದಿಕೊಳ್ಳುತ್ತೇನೆ.)

ನಿನಗೆ, ನಿಮ್ಮವರಿಗೆ, ನನ್ನ ಮೊಮ್ಮಗಳು ಗುಂಡಿಗೆ ಈ ಅತ್ತೆಯ ಆಶೀರ್ವಾದ. ಇಲ್ಲಿ ನಾನೂ ದೊಡ್ಡತ್ತೆಯೂ ಕ್ಷೇಮ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಮಂಡಿನೋವು ಎಂದು ನೆಪ ಹೇಳೋಣವೆಂದುಕೊಂಡೆ, ಆದರೆ ಕಾಗದವನ್ನು ಯಾರೂ ಮಂಡಿಯಿಂದ ಬರೆಯುವುದಿಲ್ಲವಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎನ್ನೋಣವೆಂದರೆ ನಿನಗೆ ಗೊತ್ತೇ ಇದೆ, ಚಳಿ ಶುರುವಾದರೆ ಜನ ಮೇಲೊಂದು ಕೋಟು ಹಾಕಿಕೊಂಡು ಒಳಗಿನ ಅಂಗಿಯನ್ನು ಮುದುರಿದ ಹಾಗೆಯೇ ತೊಟ್ಟು ಓಡಾಡುತ್ತಾರೆ, ಇಸ್ತ್ರಿಗೆ ಕೊಡುವುದಿಲ್ಲ. ನಿಜ ಹೇಳಬೇಕೆಂದರೆ ಕಾಗದ ಬಂದ ದಿನವೇ ಓದಿದೆ. ಓದಿ, ಮಡಿಸಿ, ಸಕ್ಕರೆ ಡಬ್ಬಿಯ ಹಿಂದೆ ಇಟ್ಟೆ. ಆಮೇಲೆ ಡಬ್ಬಿಗೆ ಕೈ ಹಾಕಲು ಮನಸ್ಸೇ ಬರಲಿಲ್ಲ. ಕೊನೆಗೆ ನಿನ್ನೆ ದೊಡ್ಡತ್ತೆ, "ಚಹಾಕ್ಕೆ ಸಕ್ಕರೆ ಹಾಕೋದನ್ನೇ ಬಿಟ್ಟಿದ್ದೀಯಲ್ಲ, ಅದೇನು ಬರೀಬೇಕೋ ಬರೆದು ಹಾಕು ಅತ್ಲಾಗೆ" ಎಂದು ಗದರಿದರು. ಅವರ ತಮ್ಮನನ್ನು ಕಟ್ಟಿಕೊಂಡ ದಿನದಿಂದ ಅವರು ನನ್ನನ್ನು ಗದರುತ್ತಲೇ ಇದ್ದಾರೆ. ತಮ್ಮ ಹೋಗಿ ಎಷ್ಟೋ ವರ್ಷವಾದರೂ ಗದರುವುದು ಮಾತ್ರ ಹಾಗೇ ಉಳಿದಿದೆ.

ಮದುವೆಯ ಫೋಟೋ ನೋಡಿದೆವು. ನೀಲಿ ಬಣ್ಣ ನಿನಗೆ ಒಪ್ಪುತ್ತದೆ ಎಂದು ನಾನು ಯಾವತ್ತೋ ಹೇಳಿದ್ದೆ, ಆಗ ಕೇಳಲಿಲ್ಲ. ನಿಮ್ಮ ಕನ್ನಡಕದ ಅಂಗಡಿಯವರು ನೋಡಲು ಸಾಧು ಮನುಷ್ಯರಂತೆ ಇದ್ದಾರೆ. "ಕಿವಿ ಸ್ವಲ್ಪ ದೊಡ್ಡದಾಯ್ತು. ಇರ್ಲಿ ಬಿಡು, ಕನ್ನಡಕ ಮಾರೋರಿಗೆ ಅಷ್ಟು ಕಿವಿ ಬೇಕು" ಅಂದರು ದೊಡ್ಡತ್ತೆ. ನನ್ನ ಕಣ್ಣು ಹೋಗಿದ್ದು ಅವರ ಕಾಲರಿಗೆ. ಎಡಗಡೆ ಎದ್ದು ನಿಂತಿದೆ. ತಾಯಿ ಇಲ್ಲದವರು ಎಂದು ನೀನು ಬರೆದಿದ್ದೆಯಲ್ಲ, ಕಾಲರು ನೋಡಿದಾಗ ಅದು ನೆನಪಾಯಿತು. ಕಾಲರನ್ನು ತುದಿಯಿಂದ ನಡುವಿಗೆ ಒತ್ತಬೇಕು, ನಡುವಿನಿಂದ ತುದಿಗೆ ಒತ್ತಿದರೆ ಸುಕ್ಕು ಹೋಗಿ ತುದಿಯಲ್ಲಿ ಕೂರುತ್ತದೆ. ನಿನಗೆ ಕಲಿಸಿದ್ದೇನೆ, ಒತ್ತಿಕೊಡು.

ನಾನು ಮದುವೆಗೆ ಬರಲಿಲ್ಲವೆಂದು ನೊಂದುಕೊಂಡಿದ್ದೀಯ. ಇನ್ನೊಂದು ಮದುವೆಯಾಗು ಎಂದು ಮೊದಲು ಹೇಳಿದವಳು ನಾನೇ ಅಲ್ಲವೇ? ಅವತ್ತು ನೀನು ಅತ್ತು ಊಟ ಬಿಟ್ಟೆ. ಜ್ವರ ಎಂದು ಮಲಗಿದ ನನ್ನ ಮಗ ಏಳದೇ ಹೋದಾಗ ಗುಂಡಿ ಇನ್ನೂ ಅಂಬೆಗಾಲಿಡುತ್ತಿತ್ತು, ನೀನೂ ಇನ್ನೊಂದು ಮಗುವಿನ ಹಾಗೇ ಇದ್ದೆ. ನಿನ್ನನ್ನು ನನ್ನ ಇಸ್ತ್ರಿ ಮೇಜಿನ ಪಕ್ಕ ಕೂರಿಸಿ ಮುದುಕಿ ಮಾಡುವ ಆಸೆ ನನಗಿರಲಿಲ್ಲ. ಮದುವೆಯ ದಿನ ಬೆಳಿಗ್ಗೆ ಬಟ್ಟೆ ಹಾಕಿಕೊಂಡು ಬಸ್ ನಿಲ್ದಾಣದವರೆಗೂ ಬಂದಿದ್ದೆ. ಬಸ್ಸೂ ಬಂತು. ಹತ್ತಲಿಲ್ಲ, ವಾಪಸ್ಸು ಬಂದೆ. ಅಷ್ಟೇ ನಡೆದದ್ದು. ಅದರಲ್ಲಿ ನಿನ್ನ ಮೇಲೆ ಎಳ್ಳಷ್ಟೂ ಕೋಪವಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಿಮ್ಮವರ ಮನೆತನದ ಹೆಸರೂ ಹದ್ದಾದ್, ನಮ್ಮದೂ ಹದ್ದಾದ್, ಹಿಂದೆ ಎಲ್ಲಾದರೂ ನೆಂಟಸ್ತನ ಇತ್ತೇ, ಆ ಹೆಸರಿಗೆ ಅರ್ಥವೇನು ಎಂದು ಅವರು ಕೇಳಿದ್ದಾರೆ ಅಂತ ಬರೆದಿದ್ದೀಯ. ನಾನಾದರೋ ಈ ಮನೆಗೆ ಸೊಸೆಯಾಗಿ ಬಂದವಳು. ಹುಟ್ಟಿದವರನ್ನೇ ಕೇಳೋಣವೆಂದು ದೊಡ್ಡತ್ತೆಯ ಮುಂದೆ ಕೂತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಆಯುಷ್ಯ ಕಳೆದವರು, ಊರಿನ ಹೆಸರುಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿವೆ.

"ಅರಬಿಯಲ್ಲಿ ಹದೀದ್ ಅಂದ್ರೆ ಕಬ್ಬಿಣ. ಹದ್ದಾದ್ ಅಂದ್ರೆ ಕಬ್ಬಿಣ ಬಡಿಯೋನು, ಕಮ್ಮಾರ. ಇದರಲ್ಲಿ ಗುಟ್ಟೇನಿದೆ?" ಅಂದರು.

"ಹಾಗಾದ್ರೆ ಹದ್ದಾದ್‌ಗಳೆಲ್ಲ ಒಂದೇ ಬಳ್ಳಿಯವರಾ?" ಎಂದು ಕೇಳಿದೆ.

"ಏನು ಮಾತಾಡ್ತೀಯೆ ನೀನು. ಊರು ಅಂದ್ಮೇಲೆ ಕಮ್ಮಾರ ಒಬ್ಬ ಇರ್ಲೇಬೇಕು. ಅವನಿಲ್ದೆ ನೇಗಿಲಿಲ್ಲ, ಕುದುರೆಗೆ ಲಾಳ ಇಲ್ಲ, ಬಾಗಿಲಿಗೆ ಚಿಲಕ ಇಲ್ಲ. ಊರಿಗೊಬ್ಬ ಕಮ್ಮಾರ ಅಂದ್ರೆ ಊರಿಗೊಬ್ಬ ಹದ್ದಾದ್. ಹಿಂದೆಲ್ಲ ಇಂಥವನ ಮಗ ಇಂಥವನು, ಕಸುಬು ಇಂಥದ್ದು ಅಂತ ಕರೀತಿದ್ರು. ಆಮೇಲೆ ಸರ್ಕಾರದವರು ಜನಗಳ ಹೆಸರು ಬರ್ಕೊಳ್ಳೋಕೆ ಶುರು ಮಾಡಿದ್ರು ನೋಡು, ಕಸುಬೇ ಮನೆತನದ ಹೆಸರಾಗಿ ಕೂತ್ಕೊಳ್ತು. ಮಕ್ಕಳು ಸುತ್ತಿಗೆ ಬಿಟ್ರೂ ಹೆಸರು ಬಿಡ್ಲಿಲ್ಲ."

ಅರಬಿ ಮಾತಾಡುವ ನಾಡುಗಳಲ್ಲೆಲ್ಲ ಈ ಹೆಸರು ಸಿಗುತ್ತದಂತೆ. ಮಸೀದಿಗೆ ಹೋಗುವ ಹದ್ದಾದರಿದ್ದಾರೆ, ಇಗರ್ಜಿಗೆ ಹೋಗುವ ಹದ್ದಾದರಿದ್ದಾರೆ, ಯೆಹೂದ್ಯರಲ್ಲೂ ಇದ್ದಾರೆ. ಹಡಗು ಹತ್ತಿ ದೂರದ ದೇಶಗಳಿಗೆ ಹೋದವರು ಅಲ್ಲಿಗೂ ಒಯ್ದಿದ್ದಾರೆ, ನಮ್ಮೂರಿಗೆ ಈ ಹೆಸರು ಬಂದದ್ದೂ ಹಾಗೇ ಅಂತೆ. "ಕಬ್ಬಿಣಕ್ಕೆಲ್ಲಿಯ ಜಾತಿ" ಅಂದರು ದೊಡ್ಡತ್ತೆ. ಬಹಳ ಹಳೆಯ ಕಾಲದಲ್ಲಿ ಹದದ್ ಎಂಬ ಗುಡುಗಿನ ದೇವರಿದ್ದನಂತೆ, ಕೆಲವರು ನಾವು ಅವನ ವಂಶ ಎಂದು ಮೀಸೆ ತಿರುವುತ್ತಾರಂತೆ. ಅದು ಬೇರೆ ಮಾತು, ಇದು ಬೇರೆ ಮಾತು ಎಂದು ದೊಡ್ಡತ್ತೆ ಕೈ ಆಡಿಸಿಬಿಟ್ಟರು. "ಯಾರೋ ಸುತ್ತಿಗೆ ಸದ್ದನ್ನೇ ಗುಡುಗು ಅಂದ್ಕೊಂಡಿದ್ದಾರೆ." ಎಕ್ಸ್‌ಚೇಂಜಿನಲ್ಲಿ ಹೊಸಬರು ಯಾರಾದರೂ "ಹದ್ದಾದ್ ಅವರಿಗೆ ಲೈನ್ ಕೊಡಿ" ಎಂದರೆ ಸಾಲಿನಲ್ಲಿ ಕೂತ ಹುಡುಗಿಯರೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತಿದ್ದರಂತೆ. ಡೈರೆಕ್ಟರಿಯಲ್ಲಿ ಪುಟ ತಿರುವಿದಷ್ಟೂ ಅದೇ ಹೆಸರು. ಯಾವ ಹದ್ದಾದ್, ಯಾವ ಬೀದಿ, ಏನು ಕೆಲಸ ಎಂದು ಕೇಳಿ ಕೇಳಿ ಗಂಟಲು ಒಣಗುತ್ತಿತ್ತಂತೆ.

ಅದು ನನಗೆ ಯಾರೂ ಹೇಳಬೇಕಾಗಿಲ್ಲ. ನಮ್ಮ ಅಂಗಡಿಯಲ್ಲಿ ಗಂಟಿಗೊಂದು ಬಟ್ಟೆಯ ಚೀಟಿ ಪಿನ್ನು ಮಾಡಿ ಮನೆತನದ ಹೆಸರು ಬರೆಯುವ ಪದ್ಧತಿ ನಿನಗೆ ನೆನಪಿದೆಯಲ್ಲ. ಈ ಒಂದು ಬೀದಿಯಲ್ಲೇ ಹದ್ದಾದರು ಸಾಕುಬೇಕಾಗುವಷ್ಟಿದ್ದಾರೆ. ಅದಕ್ಕೇ ಉದ್ದ ಹದ್ದಾದ್, ನಾಯಿ ಹದ್ದಾದ್, ಬೋಳು ಹದ್ದಾದ್ ಎಂದು ಬರೆಯುತ್ತಿದ್ದೆ. ಬೋಳು ಹದ್ದಾದರು ಒಂದು ದಿನ ಚೀಟಿ ಓದಿಬಿಟ್ಟರು. ಅವತ್ತಿನಿಂದ ಬೇರೆ ಅಂಗಡಿಗೆ ಕೊಡುತ್ತಾರೆ. ನೀನು ಹೋದ ಮೇಲೆ ಇನ್ನೊಂದು ನಡೆಯಿತು. ಉದ್ದ ಹದ್ದಾದರ ಕಪ್ಪು ಪ್ಯಾಂಟು ನಾಯಿ ಹದ್ದಾದರ ಗಂಟಿಗೆ ಸೇರಿಹೋಯಿತು. ಅವರು ಅದನ್ನು ತೊಟ್ಟುಕೊಂಡು ಕಚೇರಿಗೆ ಹೋದರು, ಬಂದರು, ಒಗೆದರು, ಮತ್ತೆ ನನಗೇ ಇಸ್ತ್ರಿಗೆ ಕೊಟ್ಟರು. ಉದ್ದ ಹದ್ದಾದರೂ ಕೇಳಲಿಲ್ಲ. ನನಗೆ ಗೊತ್ತಾದದ್ದು ಒಳಗೆ ನಾನೇ ಹಾಕಿದ ಹೊಲಿಗೆ ನೋಡಿದಾಗ. ಉದ್ದ ಹದ್ದಾದರಿಗೆ ಒಯ್ದುಕೊಟ್ಟರೆ, "ಓ, ಇದು ನಂದಾ? ಕಳೆದಿದ್ದೇ ಗೊತ್ತಿಲ್ಲ ನೋಡಿ" ಅಂದರು.

ನಮ್ಮ ಮನೆಯ ಹದ್ದಾದರ ಕಥೆ ಕೇಳಿದರೆ ನಿಮ್ಮವರು ನಗುತ್ತಾರೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಹಾಗೆ, ದೊಡ್ಡತ್ತೆಗೆ ಗೊತ್ತಿರುವಷ್ಟು ತಲೆಮಾರಿನಲ್ಲಿ ಕಮ್ಮಾರ ಎಂಬವನೇ ಇಲ್ಲ. ನನ್ನ ಮಾವ ಕ್ಷೌರಿಕರು. "ಕತ್ತರಿಯೂ ಕಬ್ಬಿಣವೇ ತಾನೇ" ಎಂದು ಅವರು ಸಮಾಧಾನ ಹೇಳಿಕೊಳ್ಳುತ್ತಿದ್ದರಂತೆ. ಅವರ ತಂದೆ ಉಪ್ಪು ಮಾರುತ್ತಿದ್ದವರು, ಉಪ್ಪಿಗೂ ಕಬ್ಬಿಣಕ್ಕೂ ಹಾವು ಮುಂಗುಸಿ. ನನ್ನ ಗಂಡನಂತೂ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವರು, ಭೂಪಟ ತೂಗುಹಾಕುವ ಮೊಳೆಯನ್ನೂ ಜವಾನನಿಂದ ಹೊಡೆಸುತ್ತಿದ್ದರು.

ಕೊನೆಗೆ ನನ್ನ ಮಗನೊಬ್ಬ ಬಂದ ನೋಡು. ಶಾಲೆಯಲ್ಲಿ ಹುಡುಗರು ಹದ್ದು, ಹದ್ದು ಎಂದು ಕೆಣಕಿದರೆ ಅಳುವ ಬದಲು ಎರಡು ಕೈ ಬಿಚ್ಚಿ ಹಾರುವವನ ಹಾಗೆ ಅವರನ್ನೇ ಅಟ್ಟಿಸಿಕೊಂಡು ಹೋಗುತ್ತಿದ್ದ. ಲಿಫ್ಟು ರಿಪೇರಿಯ ಕೆಲಸಕ್ಕೆ ಸೇರಿದ ಮೇಲೆ ಅವನ ಜಂಬ ಹೇಳತೀರದು. ಕಬ್ಬಿಣದ ಹಗ್ಗ, ಕಬ್ಬಿಣದ ಚಕ್ರ, ಉಗುರಿನ ಸಂದಿಯಲ್ಲಿ ಗ್ರೀಸು. "ಅಮ್ಮಾ, ನಮ್ಮ ವಂಶದಲ್ಲಿ ನಿಜವಾದ ಹದ್ದಾದ್ ಅಂದ್ರೆ ನಾನೊಬ್ನೇ. ಮಿಕ್ಕೋರೆಲ್ಲ ಹೆಸರಿಗೆ" ಎನ್ನುತ್ತಿದ್ದ. ನಾನು ಬಿಡುತ್ತೇನೆಯೇ? "ನಾನು ಇಷ್ಟು ವರ್ಷದಿಂದ ತಿಕ್ತಾ ಇರೋ ಇಸ್ತ್ರಿಪೆಟ್ಟಿಗೆ ಏನು ಮರದ್ದಾ?" ಎಂದು ಕೇಳುತ್ತಿದ್ದೆ. "ನೀನು ಕೆಂಡ ಅಮ್ಮ, ಕಬ್ಬಿಣ ನಾನು" ಅನ್ನುತ್ತಿದ್ದ. ಆ ಮಾತಿಗೆ ನೀನು ನಕ್ಕಿದ್ದು, ನಗುವಾಗ ಕೈಲಿದ್ದ ಗುಂಡಿ ಎಚ್ಚರಗೊಂಡು ಅತ್ತದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಹೀಗೆ ಹೇಳು ನಿಮ್ಮವರಿಗೆ: ಹೆಸರು ಒಂದೇ, ಬಳ್ಳಿ ಬೇರೆ. ಅವರ ಮೂಲದವನು ಯಾವುದೋ ಊರಿನ ಕಮ್ಮಾರ, ನಮ್ಮ ಮೂಲದವನು ಇನ್ಯಾವುದೋ ಊರಿನ ಕಮ್ಮಾರ. ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಕೈ ನೋಯುತ್ತಿದೆ. ಉಳಿದದ್ದು ನಾಳೆ ಬರೆಯುತ್ತೇನೆ.

ಬುಧವಾರ

ನಾಳೆ ಎಂದವಳು ಮೂರು ದಿನ ಮಾಡಿದೆ. ಬರೆಯಬೇಕಾದದ್ದು ಆ ಇನ್ನೊಂದು ವಿಷಯವಾದ್ದರಿಂದ ಹಾಗಾಯಿತು.

ಗುಂಡಿಯನ್ನು ಶಾಲೆಗೆ ಸೇರಿಸುತ್ತಿದ್ದೀರಿ ಎಂದು ತಿಳಿದು ಸಂತೋಷವಾಯಿತು. ತೆವಳುವ ಕಾಲಕ್ಕೇ ನನ್ನ ಅಂಗಡಿಯಲ್ಲಿ ಯಾರದೋ ಅಂಗಿಯ ಗುಂಡಿ ನುಂಗಿ ಊರೆಲ್ಲ ಓಡಾಡಿಸಿದ ಹುಡುಗಿ, ಮೇಷ್ಟರ ಚಾಕ್‌ಪೀಸು ಉಳಿದರೆ ಸಾಕು. ತಂದೆಯ ಹೆಸರು ಕೇಳುವ ಕಡೆ ನಿಮ್ಮವರ ಹೆಸರು ಬರೆಸುತ್ತೇವೆ, ನಿಜ ಸಂಗತಿಯನ್ನು ಮಗುವಿಗೆ ಈಗಲೇ ಹೇಳುವುದು ಬೇಡ, ದೊಡ್ಡವಳಾದ ಮೇಲೆ ನೋಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದೀರಿ. "ಹೇಗೂ ಮನೆತನದ ಹೆಸರು ಅದೇ ಅಲ್ವಾ ಅತ್ತೆ, ಏನೂ ಬದಲಾಗಲ್ಲ" ಎಂದು ಬರೆದಿದ್ದೀಯ. ನೀನು ನನ್ನ ಮನಸ್ಸಿಗೆ ನೋವಾಗದಿರಲಿ ಎಂದು ಬರೆದೆ ಎಂಬುದು ನನಗೆ ಗೊತ್ತು.

ಎಲ್ಲರೂ ಅದನ್ನೇ ಹೇಳುತ್ತಾರೆ. ಪಕ್ಕದ ಅಂಗಡಿಯ ಟೈಲರಮ್ಮ ಬಂದು, "ನಿಮ್ಮ ಅದೃಷ್ಟ ನೋಡಿ, ಹುಡುಕಿದ್ರೂ ಹೀಗೆ ಸಿಗಲ್ಲ. ಮೊಮ್ಮಗಳಿಗೆ ನಿಮ್ಮ ಮನೆ ಹೆಸರೇ ಉಳೀತು" ಅಂದರು. ಹೌದು ಎಂದೆ. ಅವರು ಹೋದ ಮೇಲೆ ಯೋಚಿಸಿದೆ. ಬೇರೆ ಹೆಸರಿನವರನ್ನು ನೀನು ಮದುವೆಯಾಗಿದ್ದರೆ ಗುಂಡಿಯ ಹೆಸರೂ ಬದಲಾಗುತ್ತಿತ್ತು, ಅವತ್ತು ನಾನು ಅಳುತ್ತಿದ್ದೆ. ಆದರೆ ಮುಂದೊಂದು ದಿನ ಅವಳು ಹುಟ್ಟಿದ ದಾಖಲೆ ನೋಡಿ, ಇದೇನಮ್ಮ ನನ್ನ ಹೆಸರು ಇಲ್ಲಿ ಬೇರೆ ಇದೆಯಲ್ಲ ಎಂದು ಕೇಳುತ್ತಿದ್ದಳು. ಕೇಳಿದರೆ ನೀನು ಹೇಳಲೇಬೇಕಾಗುತ್ತಿತ್ತು. ಬೇರೆ ಬಣ್ಣದ ದಾರದಲ್ಲಿ ಹೊಲಿದರೆ ಇಲ್ಲೊಮ್ಮೆ ಹರಿದಿತ್ತು ಎಂದು ಯಾರಿಗಾದರೂ ಕಾಣುತ್ತದೆ. ಅದೇ ಬಣ್ಣದ ದಾರದಲ್ಲಿ ನೀಟಾಗಿ ಹೊಲಿದರೆ ಹರಿದದ್ದೇ ಸುಳ್ಳಾಗುತ್ತದೆ. ಈ ಹೆಸರು ಇಷ್ಟು ಜನರಿಗೆ ಇರಬಾರದಿತ್ತು ಎಂದು ಮೊದಲ ಸಲ ನನಗೆ ಸಿಟ್ಟು ಬಂತು. ಹೋಗಿ ಹೋಗಿ ಸತ್ತ ಕಮ್ಮಾರರ ಮೇಲೆ ಸಿಟ್ಟು ಮಾಡಿಕೊಂಡರೆ ಏನು ಬಂತು.

ಬಿಡು, ಇದು ಮುದುಕಿಯ ಹುಚ್ಚು. ದೊಡ್ಡತ್ತೆಗೂ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ, "ಮಗು ಒಬ್ಬರನ್ನ ಅಪ್ಪ ಅಂತ ಕರ್ಕೊಂಡು ನೆಮ್ಮದಿಯಾಗಿದೆ. ಅದರ ಬಾಯಿಂದ ಆ ಮಾತು ಕಿತ್ಕೊಂಡು ನಿಂಗೇನು ಸಿಗುತ್ತೆ?" ಎಂದು ಕೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಿಮ್ಮವರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುತ್ತಾರೆ, ಜ್ವರ ಬಂದರೆ ಪಕ್ಕದಲ್ಲೇ ಕೂರುತ್ತಾರೆ ಎಂದು ಬರೆದಿದ್ದೀಯ. ಅಂಥವರಿಗೆ ಅಪ್ಪ ಎಂಬ ಮಾತು ಸಲ್ಲದೆ ಇನ್ಯಾರಿಗೆ ಸಲ್ಲಬೇಕು. ನಿನಗೆ ಸರಿ ಕಂಡ ಹಾಗೆ ಮಾಡು. ನಾನು ಅಡ್ಡ ಬರುವವಳಲ್ಲ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ಹಳೆಯ ಇಸ್ತ್ರಿಪೆಟ್ಟಿಗೆಯ ಹಿಡಿ ಸುಟ್ಟುಹೋಗಿತ್ತು, ಹೊಸದು ಹಾಕಿಸಿದೆ. ದೊಡ್ಡತ್ತೆಗೆ ಒಂದು ಕಿವಿ ಮಂದವಾಗಿದೆ, ಬೇಕಾದ್ದು ಮಾತ್ರ ಎರಡು ಕಿವಿಯಲ್ಲೂ ಕೇಳಿಸುತ್ತದೆ. ಗುಂಡಿಗೆಂದು ಎರಡು ಫ್ರಾಕು ಹೊಲಿಸಿದ್ದೇನೆ. ಅಳತೆ ಅಂದಾಜಿನದು, ನೋಡಿ ವರ್ಷದ ಮೇಲಾಯಿತಲ್ಲ. ಸಣ್ಣದಾದರೆ ಮಡಿಕೆ ಬಿಚ್ಚಲು ಬಟ್ಟೆ ಬಿಟ್ಟಿದ್ದೇನೆ.

ನೀನು ಮುತ್ತೈದೆಯಾಗಿ, ನಿನ್ನ ಮನೆ ತುಂಬಿದ ಮನೆಯಾಗಿ, ಕಣ್ಣೀರು ಕಾಣದ ಹಾಗೆ ಬಾಳಬೇಕು. ನಿಮ್ಮವರ ಅಂಗಡಿ ಬೆಳೆಯಲಿ. ಗುಂಡಿ ಓದಿ ಜಾಣೆಯಾಗಲಿ. ಇದು ಬಾಯಿಮಾತಿನ ಹರಕೆಯಲ್ಲ.

ಇಂತಿ ನಿನ್ನ ಒಳ್ಳೆಯದನ್ನೇ ಬಯಸುವ
ಇಸ್ತ್ರಿ ಅಂಗಡಿಯ ಅತ್ತೆ

ಮತ್ತೆ ಬರೆದದ್ದು: ಲಕೋಟೆಗೆ ಅಂಟು ಹಾಕಿದ್ದೆ. ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ.

ಹೋದ ಶುಕ್ರವಾರ ನಿಮ್ಮ ಮನೆಗೆ ಫೋನು ಮಾಡಿದ್ದೆ. ನೀನು ಇನ್ನೂ ಕ್ಲಿನಿಕ್ಕಿನ ಕೆಲಸದಿಂದ ಬಂದಿರಲಿಲ್ಲ. ನಿಮ್ಮವರು ನಿನಗೆ ಹೇಳಿದರೋ ಇಲ್ಲವೋ. ಫೋನು ತೆಗೆದವಳು ಗುಂಡಿ. ಯಾರು ಎಂದಳು. ಇಸ್ತ್ರಿ ಅಜ್ಜಿ ಎಂದೆ. "ಇಸ್ತ್ರಿ ಅಜ್ಜಿ ಅಂದ್ರೆ ಯಾರ ಅಮ್ಮ? ಅಮ್ಮನ ಅಮ್ಮನಾ?" ಎಂದು ಕೇಳಿದಳು. ಅಲ್ಲ ಪುಟ್ಟಾ ಎಂದೆ. "ಹಾಗಾದ್ರೆ ಅಪ್ಪನ ಅಮ್ಮ" ಎಂದಳು. ನಾನು ಹೌದು ಎಂದೆ. ಇನ್ನೇನು ಹೇಳಲಿ, ನಿಜವೇ ತಾನೇ. ಅವಳು ಫೋನು ಹಿಡಿದುಕೊಂಡೇ ಒಳಗೆ ಓಡಿದಳು. "ಅಪ್ಪಾ, ನಿಮ್ಮಮ್ಮ ಫೋನ್ ಮಾಡಿದ್ದಾರೆ" ಎಂದು ಕೂಗಿದ್ದು ಕೇಳಿಸಿತು.

ನಿಮ್ಮವರು ಬಂದರು. ತಾಯಿಯನ್ನು ಕಳೆದುಕೊಂಡವರು, ಏನೆಂದುಕೊಂಡರೋ ಏನೋ. ಮೆಲ್ಲಗೆ, "ಹೇಳಿ ಅಮ್ಮ, ಚೆನ್ನಾಗಿದ್ದೀರಾ?" ಅಂದರು. ನಾನು, "ಚೆನ್ನಾಗಿದ್ದೀನಿ ಕಣಪ್ಪ. ಊಟ ಆಯ್ತಾ?" ಎಂದು ಕೇಳಿದೆ. ಆಯ್ತಮ್ಮ ಅಂದರು. ಅಂಗಡಿಯಿಂದ ಬರುವುದು ತಡವಾಗುತ್ತದಾ, ಚಳಿಯಲ್ಲಿ ಕಿವಿಗೆ ಏನಾದರೂ ಕಟ್ಟಿಕೊಳ್ಳುತ್ತೀಯಾ ಎಂದೆಲ್ಲ ಕೇಳಿದೆ. ಅವರೂ ಒಂದೊಂದಕ್ಕೂ ಹೂಂ ಅಮ್ಮ, ಆಯ್ತಮ್ಮ ಎಂದು ಹೇಳುತ್ತಿದ್ದರು. ಯಾವಾಗ ನೀನು ಎನ್ನಲು ಶುರು ಮಾಡಿದೆನೋ ನನಗೇ ಗೊತ್ತಿಲ್ಲ. ಫೋನು ಇಟ್ಟು ಬಂದು ಇಸ್ತ್ರಿ ಹಿಡಿದೆ. ಬಟ್ಟೆಗಳ ರಾಶಿ ಅರ್ಧ ಮುಗಿದ ಮೇಲೆ ನೆನಪಾಯಿತು, ನನ್ನ ಮಗ ಇಲ್ಲ ಎಂದು.

ಅವನು ಹೋದ ಮೇಲೆ ನನ್ನನ್ನು ಅಮ್ಮ ಎಂದವರು ಯಾರೂ ಇರಲಿಲ್ಲ. ಒಬ್ಬರು ಅಂದರು, ನಾನು ಓಗೊಟ್ಟೆ. ಅಷ್ಟು ಹೊತ್ತು ನನಗೆ ಸುಖವಾಗಿತ್ತು ತಾಯಿ. ಅಷ್ಟು ಹೊತ್ತು ಅವನು ನನ್ನ ಮನಸ್ಸಿನಲ್ಲೇ ಇರಲಿಲ್ಲ. ಹೆತ್ತವಳಿಗೇ ಹೀಗಾದರೆ, ಅವನ ಮುಖವೇ ನೆನಪಿಲ್ಲದ ಆ ಮಗುವಿಗೆ ಅವನು ಎಲ್ಲಿಂದ ಉಳಿಯಬೇಕು?

ಅದಕ್ಕೇ ನಿನಗೆ ಸರಿ ಕಂಡ ಹಾಗೆ ಮಾಡು ಎಂದು ಮೇಲೆ ಬರೆದದ್ದನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ. ದೊಡ್ಡವಳಾಗಲಿ ಎಂದು ಕಾಯಬೇಡ. ಹದ್ದಾದ್ ಎಂಬುದು ಲೋಕಕ್ಕೆಲ್ಲ ಸೇರಿದ ಹೆಸರು, ಯಾರು ಬೇಕಾದರೂ ಇಟ್ಟುಕೊಳ್ಳಲಿ. ನನ್ನ ಮಗ ಹುಟ್ಟಿದಾಗ ಅವನಿಗೆ ಮಾತ್ರ ಎಂದು ನಾನು ಇಟ್ಟ ಹೆಸರೊಂದಿದೆಯಲ್ಲ, ಅದನ್ನು ಗುಂಡಿಗೆ ಹೇಳಿಕೊಡು. ಅವಳು ಒಂದು ಸಲ ಬಾಯಿಬಿಟ್ಟು ಹೇಳಲಿ. ಆಮೇಲೆ ಅವಳು ಯಾರನ್ನು ಅಪ್ಪ ಎಂದು ಕೂಗಿದರೂ ನಾನು ಕೇಳಿಸಿಕೊಳ್ಳುತ್ತೇನೆ.